ಗುಂಡುತೋಪಿನ ಮರಗಳಿಗೆ ನಂಬರು

ಮರಕ್ಕೂ ಎದೆ ಇದೆ, ಅದು ನೆಲದಿಂದ ಸರಿಯಾಗಿ ನಾಲ್ಕೂವರೆ ಅಡಿ ಮೇಲಿದೆ ಎಂಬ ಸತ್ಯ ನನಗೆ ತಿಳಿದದ್ದು ನಿವೃತ್ತಿಯ ನಂತರ. ಅಲ್ಲಿಯವರೆಗೆ ನಾನು ಅರ್ಥಶಾಸ್ತ್ರದ ಮೇಷ್ಟ್ರು. ಕಪ್ಪು ಹಲಗೆಯ ಮೇಲೆ ಬೇಡಿಕೆಯ ಗೆರೆಯನ್ನು ಇಳಿಸಿ, ಪೂರೈಕೆಯ ಗೆರೆಯನ್ನು ಏರಿಸಿ, ಎರಡೂ ಕೂಡುವಲ್ಲಿ ಒಂದು ಚುಕ್ಕೆ ಇಟ್ಟು, ಇಲ್ಲಿ ಎಲ್ಲರಿಗೂ ನೆಮ್ಮದಿ ಎಂದು ಘೋಷಿಸುತ್ತಿದ್ದವನು. ಆ ಚುಕ್ಕೆಯಲ್ಲಿ ಯಾರಾದರೂ ವಾಸವಾಗಿದ್ದಾರೆಯೇ, ನೋಡಿಕೊಂಡು ಬಾ ಎಂದು ನನ್ನನ್ನು ಯಾರೂ ಕಳಿಸಿರಲಿಲ್ಲ. ಕೊನೆಗೆ ಕಳಿಸಿದ್ದು ಹಾಸನದಲ್ಲಿ ಹೊಸದಾಗಿ ಬಾಗಿಲು ತೆರೆದಿದ್ದ ಒಂದು ಕಂಪನಿ.

ಕಂಪನಿಯ ವ್ಯಾಪಾರ ಗಾಳಿಯದು. ಅಣಕವಲ್ಲ, ನಿಜವಾಗಿಯೂ ಗಾಳಿಯದೇ. ಎಲ್ಲೋ ದೂರದ ದೇಶದಲ್ಲಿ ಒಂದು ಕಾರ್ಖಾನೆ ಹೊಗೆ ಬಿಡುತ್ತದೆ. ಹೊಗೆ ನಿಲ್ಲಿಸುವುದು ಅದಕ್ಕೆ ದುಬಾರಿ. ಇಲ್ಲಿ ಅರಕಲಗೂಡಿನ ಕಡೆ ಒಬ್ಬ ರೈತ ಬದುವಿನ ಮೇಲೆ ಗಿಡ ನೆಟ್ಟರೆ ಆ ಗಿಡ ಬೆಳೆಯುತ್ತಾ ಬೆಳೆಯುತ್ತಾ ಅಷ್ಟೇ ಹೊಗೆಯನ್ನು ಹೀರಿಕೊಳ್ಳುತ್ತದೆ. ಹೀರಿದ ಒಂದೊಂದು ಟನ್ನಿಗೂ ಒಂದು ಕ್ರೆಡಿಟ್. ಕಾರ್ಖಾನೆ ಆ ಕ್ರೆಡಿಟ್ ಕೊಂಡು, ಬಿಟ್ಟ ಹೊಗೆಯನ್ನು ನಾವೇ ವಾಪಸ್ಸು ಪಡೆದೆವು ಎಂದು ತನ್ನ ಗೋಡೆಯ ಮೇಲೆ ಬರೆಸಿಕೊಳ್ಳುತ್ತದೆ. ನಡುವೆ ನಿಂತು ಇಬ್ಬರ ಕೈ ಕುಲುಕಿಸುವುದು ನಮ್ಮ ಕಂಪನಿ. ಭೂಮಿ ಬಿಸಿಯಾದದ್ದು ಮಾರುಕಟ್ಟೆಯಿಂದ. ಅದನ್ನು ತಣ್ಣಗಾಗಿಸಲು ಇನ್ನೊಂದು ಮಾರುಕಟ್ಟೆ. ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ರೇಖಾಚಿತ್ರ ಬಹಳ ಚೆನ್ನಾಗಿತ್ತು.

ನನ್ನ ಹುದ್ದೆಯ ಹೆಸರು ಕ್ಷೇತ್ರ ಪರಿಶೀಲಕ. ತರಬೇತಿ ನಡೆದದ್ದು ಚನ್ನರಾಯಪಟ್ಟಣದ ಒಂದು ಛತ್ರದಲ್ಲಿ. ಯೋಜನೆಯ ಮುಖ್ಯಸ್ಥ ನನ್ನ ಮಗನ ವಯಸ್ಸಿನವನು, ಸಭ್ಯ, ಎಲ್ಲರಿಗೂ ತಾನೇ ನೀರಿನ ಬಾಟಲಿ ಹಂಚಿದ. ಯೋಜನೆಯ ತಿರುಳನ್ನು ಅವನು ಒಂದೇ ಮಾತಿನಲ್ಲಿ ಹೇಳಿದ: ಈಗಾಗಲೇ ಇರುವ ಮರಕ್ಕೆ ಕ್ರೆಡಿಟ್ ಇಲ್ಲ, ಹೊಸದಾಗಿ ನೆಟ್ಟಿದ್ದಕ್ಕೆ ಮಾತ್ರ. ಹಿಂದಿನ ಸಾಲಿನಲ್ಲಿ ಕೂತಿದ್ದ ತೆಂಗಿನ ತೋಟದ ಯಜಮಾನರೊಬ್ಬರು ಎದ್ದು ನಿಂತರು.

"ಅಲ್ಲ ಸಾಮಿ, ನಮ್ಮಪ್ಪ ನೆಟ್ಟ ತೆಂಗು ಈಗ ಉಸ್ರು ಎಳೆಯೋದ್ ಬುಟ್ಬುಟ್ವಾ?"

"ಎಳೀತಾವೆ ಸರ್. ಆದ್ರೆ ಅವು ಹೇಗಿದ್ರೂ ಎಳೀತಿದ್ವು. ನಾವಿಲ್ಲದೇ ಇದ್ರೂ ಎಳೀತಿದ್ವು."

"ಅಂಗಾದ್ರೆ ನಿಯತ್ತಾಗಿದ್ದೋರಿಗೆ ಏನೂ ಇಲ್ಲ ಅನ್ನಿ."

ಛತ್ರವೆಲ್ಲ ನಕ್ಕಿತು. ಮುಖ್ಯಸ್ಥನೂ ನಕ್ಕ. ನಾನೂ ನಕ್ಕೆ, ಊಟಕ್ಕೆ ಎದ್ದೆವು.

ನನ್ನ ಪಾಲಿಗೆ ಬಂದದ್ದು ಮಲ್ಲಿಪಟ್ಟಣ ಹೋಬಳಿಯ ಒಂದು ಊರು. ಹೊಳೆನರಸೀಪುರದ ನನ್ನ ಮನೆಯಿಂದ ಬೆಳಗಿನ ಬಸ್ಸು ಹಿಡಿದು, ಅರಕಲಗೂಡಿನಲ್ಲಿ ಬದಲಿಸಿ ಹೋಗಬೇಕು. ಹೊಗೆಸೊಪ್ಪು ಬೆಳೆಯುವ ಊರು. ಜಮೀನಿದ್ದವರ ಹೊಲದಲ್ಲೆಲ್ಲ ಒಂದೊಂದು ಬ್ಯಾರನ್ನು. ಎಂದರೆ ಹಸಿರೆಲೆಯನ್ನು ಕಡ್ಡಿಗೆ ಪೋಣಿಸಿ ನೇತುಹಾಕಿ, ಕೆಳಗೆ ಸೌದೆ ಉರಿಸಿ ಹದ ಮಾಡುವ ಎತ್ತರದ ಮನೆ. ಆ ವರ್ಷ ಮಳೆ ಬರಬೇಕಾದಾಗ ಬರದೆ, ಬಂದಾಗ ಒಂದೇ ಸಲ ಸುರಿದಿತ್ತು. ಎಲೆ ನೀರು ಕುಡಿದು ಊದಿಕೊಂಡು ಬ್ಯಾರನ್ನಿನಲ್ಲಿ ಒಣಗುತ್ತಲೇ ಇರಲಿಲ್ಲ. ಹೀಗಾಗಿ ಸೌದೆಗೆ ಎಲ್ಲಿಲ್ಲದ ಹಾಹಾಕಾರ. ಹವಾಮಾನ ಕೆಟ್ಟದ್ದರಿಂದ ಹೆಚ್ಚು ಸೌದೆ ಉರಿಸಬೇಕಾಗಿ ಬಂದ, ಹೆಚ್ಚು ಸೌದೆ ಉರಿಸಿ ಹವಾಮಾನವನ್ನು ಇನ್ನಷ್ಟು ಕೆಡಿಸುತ್ತಿದ್ದ ಈ ಬ್ಯಾರನ್ನುಗಳ ಒಡೆಯರೇ ನಮ್ಮ ಯೋಜನೆಯ ಮೊದಲ ಸದಸ್ಯರು. ಬದುವಿದ್ದವರಿಗೆ ತಾನೇ ಬದುವಿನ ಮೇಲೆ ಗಿಡ?

ಊರಿನಲ್ಲಿ ನನ್ನನ್ನು ಸ್ವಾಗತಿಸಿದವರು ಗ್ರಾಮ ಪಂಚಾಯ್ತಿ ಅಧ್ಯಕ್ಷೆಯ ಗಂಡ. ಅಧ್ಯಕ್ಷೆ ಮನೆಯಲ್ಲಿ ಸಹಿ ಮಾಡುತ್ತಿದ್ದರು, ಅಧ್ಯಕ್ಷತೆಯನ್ನು ಇವರು ವಹಿಸುತ್ತಿದ್ದರು. ಹಳೆಯ ವಿದ್ಯಾರ್ಥಿ.

"ಗುರ್ತು ಸಿಕ್ತಾ ಸಾ? ನಿಮ್ ಎಕನಾಮಿಕ್ಸಲ್ಲಿ ಎರಡು ಸಲ ಡುಮ್ಕಿ ಒಡ್ದೋನು ನಾನು."

"ಈಗೇನು ಮಾಡ್ತಿದ್ದೀಯಪ್ಪ?"

"ಪ್ರಾಕ್ಟಿಕಲ್ ಮಾಡ್ತಿವ್ನಿ ಸಾ."

ಊರಿನ ಮೂಡಲಿಗೆ ಗುಂಡುತೋಪು. ಹುಣಸೆ, ಹೊಂಗೆ, ನೇರಳೆ, ನಾಲ್ಕು ಹಿಪ್ಪೆ, ವಯಸ್ಸೇ ಗೊತ್ತಿಲ್ಲದ ಮಾವು. ಯಾರೋ ನೆಟ್ಟದ್ದು, ಯಾರದೂ ಅಲ್ಲದ್ದು. ಹುಣಸೆ ಫಸಲನ್ನು ಪಂಚಾಯ್ತಿ ವರ್ಷಕ್ಕೊಮ್ಮೆ ಹರಾಜು ಹಾಕುತ್ತದೆ. ಆದರೆ ಕೊಂಬೆಯ ಮೇಲಿರುವುದು ಮಾತ್ರ ಹರಾಜು ಕೂಗಿದವನದು, ತಾನಾಗಿ ಉದುರಿದ್ದು ಹೆಕ್ಕಿಕೊಂಡವರದು. ಹೊಂಗೆ ಬೀಜವೂ ಹಾಗೇ. ಜಮೀನಿಲ್ಲದವರ ಮೇಕೆ ಕುರಿಗಳಿಗೆ ಇಡೀ ಊರಿನಲ್ಲಿ ಬಾಯಾಡಿಸಲು ಇದ್ದದ್ದು ಇದೊಂದೇ ಜಾಗ. ನಾನು ಮೊದಲ ದಿನ ಹೋದಾಗ ಅಲ್ಲಿ ಮೇಕೆ ಕಾಯುತ್ತಿದ್ದ ಒಬ್ಬ ಹೆಂಗಸು ಕೋಲು ಊರಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಡುವಯಸ್ಸು, ಗಂಡ ತೀರಿಕೊಂಡಿದ್ದ, ಒಂಬತ್ತೋ ಹತ್ತೋ ಮೇಕೆಗಳು ಅವಳ ಸಂಸಾರ. ಊರೆಲ್ಲ ಅವಳನ್ನು ಮೇಕೆಯಕ್ಕ ಎನ್ನುತ್ತಿತ್ತು.

"ಏನ್ ಅಳೀತೀರಾ ಸಾ?"

"ಮರದ ಸುತ್ತಳತೆ."

"ರವಿಕೆ ಒಲಿಸ್ತಾರಾ?"

ನಾನು ಅರ್ಥಶಾಸ್ತ್ರದ ಗಾಂಭೀರ್ಯದಿಂದ ಟೇಪು ಬಿಚ್ಚಿದೆ.

ತೋಪು ಯಾರ ಬದುವೂ ಅಲ್ಲದಿದ್ದರೂ ಅದನ್ನು ಅಳೆಯಬೇಕೆಂದು ಕಂಪನಿ ಹೇಳಿತ್ತು. ಕಾರಣ ಸರಳ. ನೆತ್ತಿಯ ಮೇಲೆ ಎಲೆಯ ಹೊದಿಕೆ ದಟ್ಟವಾಗಿದ್ದರೆ ಅದು ಇರುವ ಕಾಡು, ಲೆಕ್ಕಕ್ಕಿಲ್ಲ, ಕಂಪನಿ ಮುಟ್ಟುವಂತಿಲ್ಲ. ಹೊದಿಕೆ ತೆಳುವಾಗಿದ್ದರೆ ಅದು ಶಿಥಿಲ ಭೂಮಿ. ಬೇಲಿ ಹಾಕಿ ನಡುನಡುವೆ ಹೊಸ ಗಿಡ ನೆಟ್ಟು ಕ್ರೆಡಿಟ್ ಪಡೆಯಬಹುದು. ಎಂದರೆ ಮೇಕೆಯಕ್ಕನ ಸಂಸಾರ ನಿಂತಿದ್ದು ತೋಪಿನ ಎಲೆಗಳ ಮೇಲೆ, ಆ ಎಲೆಗಳನ್ನು ಎಣಿಸುವವನು ನಾನು. ಇದು ಆಗ ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಎಲೆಯ ಹೊದಿಕೆಯನ್ನು ಅಳೆಯುವ ವಿಧಾನ ಬಹಳ ಗಹನವಾದದ್ದು. ಒಂದು ಮೊಳದ ಪ್ಲಾಸ್ಟಿಕ್ ಪೈಪು, ನಲ್ಲಿಗೆ ಹಾಕುತ್ತಾರಲ್ಲ, ಅದೇ. ಅದರ ಒಂದು ತುದಿಗೆ ಅಡ್ಡಡ್ಡ ಎರಡು ದಾರ. ಹಗ್ಗ ಹಿಡಿದು ನೇರ ಗೆರೆಯಲ್ಲಿ ನಡೆಯುವುದು, ಪ್ರತಿ ಐದು ಹೆಜ್ಜೆಗೆ ನಿಲ್ಲುವುದು, ಪೈಪನ್ನು ಕಣ್ಣಿಗೆ ಹಿಡಿದು ನೆತ್ತಿಯ ಮೇಲಕ್ಕೆ ನೋಡುವುದು. ದಾರ ಕೂಡಿದ ಜಾಗದಲ್ಲಿ ಎಲೆ ಕಂಡರೆ 'ಎಲೆ', ಇಲ್ಲವಾದರೆ 'ಆಕಾಶ'. ಫೋನಿನಲ್ಲಿ ಒಂದೊಂದು ಸಲ ಒತ್ತಬೇಕು. ಅರವತ್ತು ದಾಟಿದವನೊಬ್ಬ ತೋಪಿನಲ್ಲಿ ಐದೈದು ಹೆಜ್ಜೆಗೆ ನಿಂತು ಆಕಾಶಕ್ಕೆ ಪೈಪು ಹಿಡಿಯುವುದನ್ನು ನೋಡಲು ಊರಿನವರು ಬಂದರು. ಮಳೆ ತರಿಸುವವನೆಂದು ಕೆಲವರು, ಮಂಗ ಓಡಿಸುವವನೆಂದು ಕೆಲವರು ತೀರ್ಮಾನಿಸಿದರು. ಮೇಕೆಯೊಂದು ಹಗ್ಗದ ತುದಿ ತಿಂದದ್ದರಿಂದ ಒಂದು ಗೆರೆಯನ್ನು ಮತ್ತೆ ನಡೆಯಬೇಕಾಯಿತು.

ಫಲಿತಾಂಶ ಎಲೆಯ ಕಡೆಗೇ ಬಂತು. ಚೆನ್ನಾಗಿಯೇ ಬಂತು. ಪರೀಕ್ಷೆ ಬರೆದವನು ನಾನಲ್ಲದಿದ್ದರೂ ಪಾಸಾದಷ್ಟು ಸಮಾಧಾನವಾಯಿತು. ಮಾಹಿತಿಯನ್ನು ಹಾಸನದ ಕಚೇರಿಗೆ ಕಳಿಸಿ, ಉಳಿದ ಕೆಲಸಕ್ಕೆ ಇಳಿದೆ: ಇರುವ ಮರಗಳನ್ನು ಮುಂದೆ ಯಾರೂ ಹೊಸ ಮರವೆಂದು ತೋರಿಸದಂತೆ ಪ್ರತಿಯೊಂದಕ್ಕೂ ನಂಬರು ಹಾಕುವುದು. ಮೊಳೆ ಹೊಡೆದು ತಗಡು ಕಟ್ಟುವಂತಿಲ್ಲ, ಮರಕ್ಕೆ ನೋವಾಗುತ್ತದೆ ಎಂದು ಕಂಪನಿಯ ನಿಯಮ. ಕತ್ತಿಯಿಂದ ತೊಗಟೆಯನ್ನು ಮೇಲುಮೇಲೆ ಕೆರೆದು, ಎದೆಯೆತ್ತರದಲ್ಲಿ ಬಿಳಿ ಪಟ್ಟಿ ಬಳಿದು, ಒಣಗಿದ ಮೇಲೆ ಕೆಂಪು ಬಣ್ಣದಲ್ಲಿ ಅಂಕಿ ಬರೆಯಬೇಕು. ಇಳಿಜಾರಿನಲ್ಲಿರುವ ಮರವಾದರೆ ಮೇಲ್ಬದಿಯಲ್ಲಿ ನಿಂತು ಅಳೆಯಬೇಕು. ಎದೆಗಿಂತ ಕೆಳಗೇ ಕವಲೊಡೆದಿದ್ದರೆ ಎರಡು ಮರವೆಂದು ಬರೆಯಬೇಕು. ನನ್ನ ಕೈಬರಹ ಹಲಗೆಯ ಮೇಲೆ ಪಳಗಿದ್ದು. ಅಂಕಿಗಳು ದುಂಡಗೆ, ದೂರದಿಂದಲೇ ಓದುವಂತೆ ಮೂಡಿದವು. ನಾನೇ ಹಿಂದೆ ಸರಿದು ನಿಂತು ಮೆಚ್ಚಿಕೊಂಡೆ.

ಮೇಕೆಯಕ್ಕ ಮಾತ್ರ ಮೆಚ್ಚಲಿಲ್ಲ.

"ಇದ್ಯಾಕ್ ಸಾ ನಂಬರ್ರು?"

"ಮರ ಉಳಿಸಕ್ಕೆ ಕಣಮ್ಮ."

"ನಂಬರ್ ಆಕಿದ್ ಮರ ಎಲ್ ಉಳ್ದದೆ ಸಾ?"

"ಇದು ಬೇರೆ ನಂಬರು."

"ಅಂಗಾದ್ರೆ ನನ್ ಮೇಕೆಗೂ ಒಂದೊಂದ್ ಬರ್ದ್ಬುಡಿ. ಅವೂ ಉಳ್ಕಳ್ಳಿ."

ಇದನ್ನು ತಮಾಷೆಯೆಂದು ತೆಗೆದುಕೊಂಡು ಬಸ್ಸು ಹತ್ತಿದೆ. ಬಣ್ಣ ಮುಗಿದಿತ್ತು, ಅರಕಲಗೂಡಿನಲ್ಲಿ ಆ ಕೆಂಪು ಸಿಗದೆ ಹಾಸನಕ್ಕೆ ಹೋಗಬೇಕಾಯಿತು. ನಡುವೆ ಭಾನುವಾರ, ಆಮೇಲೊಂದು ಜ್ವರ. ಈ ಸೀಮೆಯಲ್ಲೇ ಹುಟ್ಟಿ ಬೆಳೆದ ನನಗೆ ತಿಳಿದಿರಬೇಕಾಗಿದ್ದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ನಮ್ಮ ಕಡೆ ಮರದ ಮೇಲೆ ಬಿಳಿ ಪಟ್ಟಿ, ಕೆಂಪು ಅಂಕಿ ಕಂಡರೆ ಅದಕ್ಕೆ ಒಂದೇ ಅರ್ಥ: ಮರ ಹರಾಜಾಗಿದೆ, ಕಡಿಯುವವರು ಬರುತ್ತಾರೆ. ರಸ್ತೆ ಅಗಲ ಮಾಡುವಾಗ ಸಾಲುಮರಗಳಿಗೆ ಹೀಗೇ ಬರೆದಿದ್ದರು. ನಾಲೆ ಏರಿಯ ಮರಗಳಿಗೂ ಹೀಗೇ. ಅಂಕಿ ಹೊತ್ತ ಮರವೊಂದು ಮುಂದಿನ ವರ್ಷವೂ ನಿಂತದ್ದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ.

ನಾನು ಹೊಸ ಡಬ್ಬಿ ಹಿಡಿದು ಇಳಿದಾಗ ತೋಪಿನ ಕಡೆಯಿಂದ ಬೆಳಕು ಬರುತ್ತಿತ್ತು. ತೋಪಿನ ಕಡೆಯಿಂದ ಬೆಳಕು ಬರಬಾರದು. ಹತ್ತಿರ ಹೋದೆ. ಕಾಂಡಗಳೆಲ್ಲ ನಿಂತಿದ್ದವು, ನನ್ನ ಅಂಕಿಗಳೂ ದುಂಡಗೇ ಇದ್ದವು. ಮೇಲೆ ಕೊಂಬೆಗಳಿರಲಿಲ್ಲ. ಹೊಂಗೆಗಳು ಮುಷ್ಟಿ ಬಿಗಿದ ಕೈಗಳ ಹಾಗೆ ಮೋಟಾಗಿದ್ದವು. ಗಾಡಿಯ ಗಾಲಿ, ಟ್ರ್ಯಾಕ್ಟರಿನ ಗಾಲಿ, ಎಳೆದೊಯ್ದ ಕೊಂಬೆಗಳ ಗೀರು, ಎಲ್ಲವೂ ಬ್ಯಾರನ್ನುಗಳ ದಿಕ್ಕಿಗೆ.

ಹೋಟೆಲಿನ ಮುಂದೆ ಕೂತಿದ್ದ ಅಧ್ಯಕ್ಷೆಯ ಗಂಡನನ್ನು ಕೇಳಿದೆ.

"ಏನಯ್ಯಾ ಇದು?"

"ನೀವೇ ನಂಬರ್ ಆಕೋದ್ರಿ, ನೀವೇ ಕೇಳ್ತೀರಲ್ಲ ಸಾ? ಕಂಟ್ರಾಕ್ಟ್ರು ಬಂದು ಒಡ್ಕಂಡ್ ಓದ್ಮೇಲೆ ಊರ್ನೋರ್ಗೆ ಏನ್ ಸಿಕ್ಕದು? ಅದ್ಕೇ ಕೈಗ್ ಸಿಕ್ಕಿದ್ದು ತಗಂಡವ್ರೆ. ಬ್ಯಾರನ್ ಬೇರೆ ಅರ್ಧಕ್ ನಿಂತಿದ್ವು."

"ಮರ ಕಡೀತೀರಾ ಅಂತ ನನ್ನನ್ನ ಒಂದು ಮಾತು ಕೇಳಬಾರದಿತ್ತೇ?"

"ಕೇಳಿದ್ರೆ ಕಡಿಯಲ್ಲ ಅಂತ್ಲೇ ಏಳ್ತಿದ್ರಿ. ಎಲ್ರೂ ಅಂಗೇ ಏಳಾದು."

ಟ್ರ್ಯಾಕ್ಟರಿದ್ದವನಿಗೆ ಟ್ರ್ಯಾಕ್ಟರಿನಷ್ಟು, ತಲೆಹೊರೆಯವಳಿಗೆ ತಲೆಹೊರೆಯಷ್ಟು ಸಿಕ್ಕಿತ್ತು. ಮುಕ್ತ ಪೈಪೋಟಿ ಎಂದು ನಾನು ಹಲಗೆಯ ಮೇಲೆ ಬರೆಯುತ್ತಿದ್ದದ್ದು ಇದನ್ನೇ. ಮೇಕೆಯಕ್ಕನೂ ಬಿಟ್ಟಿರಲಿಲ್ಲ. "ಓಗೋ ಮರ ತಾನೆ ಸಾ, ನನ್ ಮೇಕೆ ಒಂದೊತ್ತು ಒಟ್ಟೆ ತುಂಬ ತಿನ್ಲಿ ಅಂತ ನಾನೂ ನಾಕ್ ಕೊಂಬೆ ಕಡ್ಕಂಡೆ" ಎಂದಳು. ನಾಚಿಕೆಯಿಂದಲ್ಲ, ನಾಲ್ಕೇ ಸಿಕ್ಕಿದ ಬೇಸರದಿಂದ.

ಬೆಲೆಯಿಲ್ಲದ ವಸ್ತುವನ್ನು ಜನ ಹಾಳುಮಾಡುತ್ತಾರೆ, ಆದ್ದರಿಂದ ಎಲ್ಲಕ್ಕೂ ಬೆಲೆ ಕಟ್ಟಿ ಎಂದು ನಮ್ಮ ಪಠ್ಯ ಬಹಳ ಕಾಳಜಿಯಿಂದ ಹೇಳುತ್ತದೆ. ತೋಪಿಗೆ ಬೆಲೆ ಇಲ್ಲದಿದ್ದಷ್ಟು ಕಾಲವೂ ಅದು ತೋಪಾಗಿಯೇ ಇತ್ತು. ಬೆಲೆ ಬಂದಿದೆ ಎಂಬ ಗುಮಾನಿ ಹುಟ್ಟಿದ ವಾರದಲ್ಲೇ ಬೋಳಾಯಿತು. ಇದನ್ನು ಯಾವ ಗೆರೆಯಲ್ಲಿ ತೋರಿಸಬೇಕೋ ನನಗೆ ಇಂದಿಗೂ ಗೊತ್ತಾಗಿಲ್ಲ.

ಸುದ್ದಿ ತಿಳಿಸಿದ ಮೇಲೆ ಮುಖ್ಯಸ್ಥ ಹಾಸನದಿಂದ ಕಾರಿನಲ್ಲಿ ಬಂದ. ಬೈಯುತ್ತಾನೆಂದು ಸಿದ್ಧನಾಗಿದ್ದೆ. ಅವನು ತೋಪಿನ ನಡುವೆ ನಿಂತು ಕತ್ತೆತ್ತಿ ನೋಡಿದ.

"ಸರ್, ಪೈಪ್ ತಂದಿದ್ದೀರಾ?"

"ಯಾಕೆ?"

"ಇನ್ನೊಂದ್ ಸಲ ನೋಡಿಬಿಡಿ. ಈಗ ಇದು ಶಿಥಿಲ ಭೂಮಿನೇ ಅಲ್ವಾ?"

ಪೈಪು ಹಿಡಿದೆ. ಆಕಾಶ. ಐದು ಹೆಜ್ಜೆ, ಆಕಾಶ. ಮತ್ತೈದು ಹೆಜ್ಜೆ, ಆಕಾಶ. ಅಷ್ಟು ಸ್ವಚ್ಛವಾದ ಆಕಾಶವನ್ನು ಆ ಊರು ಅಲ್ಲಿ ಎಂದೂ ಕಂಡಿರಲಿಕ್ಕಿಲ್ಲ. ಒಂದು ಸಲವೂ ಒತ್ತದೆ ಫೋನನ್ನು ಜೇಬಿಗೆ ಹಾಕಿಕೊಂಡೆ.

"ಹೊಂಗೆ ಚಿಗುರುತ್ತೆ. ಹುಣಸೆಯೂ ಚಿಗುರುತ್ತೆ. ಎರಡು ಮಳೆಗಾಲ ಬಿಟ್ಟು ಅಳೆಯೋಣ" ಎಂದೆ.

"ಕೊಳ್ಳೋರು ಎರಡು ಮಳೆಗಾಲ ಕಾಯಲ್ಲ ಸರ್."

"ಈ ಬೋಳು ನಮ್ಮ ಬಣ್ಣದಿಂದ ಆದದ್ದು. ನಾವೇ ಹಾಳು ಮಾಡಿ, ಹಾಳಾಗಿದೆ ಅಂತ ನಾವೇ ಬೇಲಿ ಹಾಕೋದೇ?"

"ಹಾಳು ಯಾರು ಮಾಡಿದ್ರು ಅನ್ನೋದಕ್ಕೆ ಆ್ಯಪ್‌ನಲ್ಲಿ ಕಾಲಂ ಇಲ್ಲ ಸರ್." ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ವಿಷಾದವಿತ್ತು. "ಸುಳ್ಳು ಬರೀರಿ ಅಂತ ನಾನು ಕೇಳ್ತಿಲ್ಲ. ಕಂಡದ್ದನ್ನ ಬರೀರಿ ಅಷ್ಟೆ."

ಅವನ ಮಾತು ನ್ಯಾಯವಾಗಿತ್ತು, ಕಷ್ಟವೇ ಅದು. ಸತ್ಯ ಬರೆದರೆ ಬೇಲಿ ಬೀಳುತ್ತಿತ್ತು. ಸುಳ್ಳು ಬರೆಯಲು ನನಗೆ ಬರುತ್ತಿರಲಿಲ್ಲ. ಉಳಿದದ್ದು ಬರೆಯದಿರುವುದು. ಮೊದಲ ಅಳತೆಯೇ ನನ್ನ ಅಳತೆ, ಎರಡನೆಯದನ್ನು ನಾನು ಮಾಡುವುದಿಲ್ಲ ಎಂದು ಹೇಳಿ ಪೈಪನ್ನು ಅವನ ಕೈಗೆ ಕೊಟ್ಟೆ. ವಿಶ್ವದ ವಾಯುಮಂಡಲದ ಭವಿಷ್ಯವನ್ನು ಇಷ್ಟು ಗಂಭೀರವಾಗಿ ಹಸ್ತಾಂತರಿಸಿದ ಪ್ರಸಂಗ ಇನ್ನೊಂದಿರಲಾರದು. ಅವನು ಅದನ್ನು ಕಾರಿನ ಡಿಕ್ಕಿಯಲ್ಲಿಟ್ಟ.

ಗ್ರಾಮಸಭೆ ಅದೇ ತೋಪಿನಲ್ಲಿ ಸೇರಿತು. ನೆರಳಿರಲಿಲ್ಲವಾದ್ದರಿಂದ ಶಾಮಿಯಾನ ಹಾಕಿಸಿದ್ದರು. ಬೇಲಿ, ಹೆಬ್ಬೇವಿನ ಸಸಿ, ಊರಿಗೆ ಬರುವ ಪಾಲು, ಬ್ಯಾರನ್ನಿನವರಿಗೆ ಮುಂದೆ ಸವರಿದ ಕೊಂಬೆ ಎಲ್ಲವನ್ನೂ ಮುಖ್ಯಸ್ಥ ಚಿತ್ರ ತೋರಿಸಿ ವಿವರಿಸಿದ. ನಾನು ಎದ್ದು, ಎರಡು ಮಳೆಗಾಲ ಸುಮ್ಮನೆ ಬಿಟ್ಟರೆ ತೋಪು ತಾನೇ ತುಂಬಿಕೊಳ್ಳುತ್ತದೆ, ಬೇಲಿ ಬಿದ್ದರೆ ತೋಪಿನಲ್ಲಿ ಉದುರಿದ್ದನ್ನು ಹೆಕ್ಕುವ ಹಕ್ಕು ಹೋಗುತ್ತದೆ ಎಂದೆ.

"ಸುಮ್ನೆ ಬುಟ್ರೆ ಏನ್ ಸಿಕ್ತದೆ ಸಾ?" ಎಂದರು ಅಧ್ಯಕ್ಷೆಯ ಗಂಡ.

"ತೋಪು ಸಿಗುತ್ತೆ."

"ತ್ವಾಪು ಆಗ್ಲೂ ಇತ್ತಲ್ಲ, ಏನ್ ಸಿಕ್ತಿತ್ತು?"

ಶಾಮಿಯಾನದ ಕೆಳಗೆ ಚಪ್ಪಾಳೆ. ಎರಡು ಸಲ ನಪಾಸಾದವನು ನನ್ನದೇ ವಿಷಯದಲ್ಲಿ ನನ್ನನ್ನು ಕೂರಿಸಿದ.

ಹಿಂದಿನಿಂದ ಮೇಕೆಯಕ್ಕ ಕೇಳಿದಳು. "ಬೇಲಿ ಒಳಿಕ್ಕೆ ಮೇಕೆ ಬುಡ್ತೀರಾ?"

"ಗಿಡ ಎತ್ತರ ಆಗೋವರೆಗೂ ಆಗಲ್ಲ ಅಮ್ಮ. ಮೂರು ವರ್ಷ ಆದ್ಮೇಲೆ ನೋಡೋಣ" ಎಂದ ಮುಖ್ಯಸ್ಥ.

"ಮೂರ್ ವರ್ಸ ಮೇಕೆ ಉಪಾಸ ಇರ್ತದಾ ಸಾ? ನೀವ್ ಇರ್ತೀರಾ?"

ಎಲ್ಲರೂ ನಕ್ಕರು. "ಅವ್ಳ್ ಬಾಯ್ಗೆ ಮೊದ್ಲು ಬೇಲಿ ಆಕಿ" ಎಂದು ಯಾರೋ ಕೂಗಿದರು. ನಗು ಇನ್ನೂ ಜೋರಾಯಿತು. ಮುಖ್ಯಸ್ಥ ಮಾತ್ರ ನಗಲಿಲ್ಲ. ನಿಮಗೂ ಒಂದು ಬದಲಿ ಜೀವನೋಪಾಯ ನೋಡ್ತೀವಿ ಅಮ್ಮ ಎಂದು ಬರೆದುಕೊಂಡ. ಕೈ ಎತ್ತಿಸಿದರು. ಕೈಗಳು ಎದ್ದವು. ಅಧ್ಯಕ್ಷೆ ಸಹಿ ಮಾಡಿದರು, ಆ ದಿನ ಅವರನ್ನು ಮೊದಲ ಸಲ ಕಂಡೆ.

ನನ್ನ ಬದಲಿಗೆ ಒಂದು ಡ್ರೋನು ಬಂತೆಂದು ಆಮೇಲೆ ತಿಳಿಯಿತು. ಅದಕ್ಕೆ ಪೈಪೂ ಬೇಕಿಲ್ಲ, ಬಸ್ಸೂ ಬೇಕಿಲ್ಲ, ಅಭಿಪ್ರಾಯವೂ ಇಲ್ಲ. ಮೇಲಿನಿಂದ ನೋಡಿತು, ನೆಲ ಕಂಡಿತು.

ಮುಂದಿನ ಮಳೆಗಾಲ ಕಳೆದ ಮೇಲೆ ಕೊಣನೂರಿನಲ್ಲಿ ಒಂದು ಮದುವೆಗೆ ಹೋದವನು ಹಿಂದಿರುಗುವಾಗ ಸುತ್ತು ಬಳಸಿ ಆ ಊರಿಗೆ ಹೋದೆ. ತೋಪಿನ ಸುತ್ತ ತಂತಿ ಬೇಲಿ, ಒಂದು ಕಬ್ಬಿಣದ ಗೇಟು. ಒಳಗೆ ಸಾಲುಸಾಲಾಗಿ ಹೆಬ್ಬೇವು. ನಡುವೆ ನನ್ನ ಹಳೆಯ ಮರಗಳು, ನನ್ನ ಅಂಕಿಗಳು ಮಾಸದೆ. ಹೊಂಗೆಗಳು ಚಿಗುರಿದ್ದವು, ನೆಲದ ಮೇಲೆ ನೆರಳಿನ ಚೂರುಗಳು ಬಿದ್ದಿದ್ದವು. ಪೈಪು ಇದ್ದಿದ್ದರೆ ಹಿಡಿಯುತ್ತಿದ್ದೆ. ಗೇಟಿನ ಚಿಲಕಕ್ಕೆ ಕೈ ಹಾಕಿದೆ.

"ಯಾರದು? ಒಳಿಕ್ ಬರಂಗಿಲ್ಲ!"

ಮೇಕೆಯಕ್ಕ. ಅದೇ ಕೋಲು. ಸೀರೆಯ ಮೇಲೆ ಕಂಪನಿಯ ಹಸಿರು ಅಂಗಿ, ಎರಡು ಅಳತೆ ದೊಡ್ಡದು.

"ನಾನಮ್ಮ. ಪೈಪಿನ ಮೇಷ್ಟ್ರು."

"ಗೊತ್ತಾಯ್ತು ಸಾ. ಆದ್ರೂ ಬರಂಗಿಲ್ಲ. ಅಳೆಯೋರ್ನೂ ಬುಡಬ್ಯಾಡ ಅಂದವ್ರೆ."

"ಇಲ್ಲಿ ಕೆಲಸವೇ?"

"ಊಂ. ಮೇಕೆ ಒಳಿಕ್ ಬರ್ದಂಗೆ ಕಾಯೋದು."

"ನಿನ್ನ ಮೇಕೆಗಳು?"

"ಕೊಟ್ಬುಟ್ಟೆ. ಕಾಯೋಳೇ ಮೇಕೆ ಮಡೀಕಂಡ್ರೆ ಆಯ್ತದಾ?" ಎಂದಳು. ಆಮೇಲೆ ಬೇಲಿಯಾಚೆ ಬಾಯಿ ಹಾಕುತ್ತಿದ್ದ ಯಾರದೋ ಒಂದು ಮೇಕೆಗೆ ಕೋಲು ಬೀಸಿ, ಬೈದು, ಅಟ್ಟಿ, ವಾಪಸ್ಸು ಬಂದಳು. ಉಸಿರು ಸುಧಾರಿಸಿಕೊಂಡು, ಏನೋ ನೆನಪಾದವಳಂತೆ ಅಂಗಿಯ ಒಳಗಿನಿಂದ ಒಂದು ದಾರ ಎಳೆದಳು. ದಾರದ ತುದಿಗೆ ಪ್ಲಾಸ್ಟಿಕ್ಕಿನ ಕಾರ್ಡು, ಅದರ ಮೇಲೆ ಅವಳ ಫೋಟೋ. ಅದು ಸರಿಯಾಗಿ ಅವಳ ಎದೆಯ ಮೇಲೆ ಬಂದು ನಿಂತಿತು.

"ನೋಡಿ ಸಾ," ಎಂದಳು. "ನಂಗೂ ನಂಬರ್ ಆಕವ್ರೆ."